ಉಳಿದದ್ದು 65 ದಿನ, 365 ಅಲ್ಲ

"ಸ್ಟೇಟ್ ಕೋರ್ಟಲ್ಲಿ ಅರ್ಜಿ ಮೊನ್ನೆ ವಜಾ ಆಯ್ತು ಸಾರ್, ಫೆಡರಲ್ ಕೋರ್ಟಿಗೆ ಹೋಗೋಕೆ ಇನ್ನೂ ಒಂದು ವರ್ಷ ಇದೆಯಲ್ಲ?" ಅಮೆರಿಕದ ಜೈಲಲ್ಲಿರುವವರ ಮನೆಯವರು ಕೇಳುವ ಪ್ರಶ್ನೆ ಇದೇ. ಇಲ್ಲ ಎಂದು ಎಷ್ಟು ಸಲ ಹೇಳಿದರೂ ಮುಗಿಯದು.

ನಮ್ಮೂರಲ್ಲಿ ಹೇಬಿಯಸ್ ಕಾರ್ಪಸ್ ಎಂದರೆ ಅಕ್ರಮ ಬಂಧನದಲ್ಲಿ ಇರುವವರನ್ನು ಹೈಕೋರ್ಟಿನ ಮುಂದೆ ಹಾಜರುಪಡಿಸಿ ಅನ್ನುವ ಅರ್ಜಿ. ಅಮೆರಿಕದಲ್ಲಿ ಅಷ್ಟೇ ಅಲ್ಲ. ರಾಜ್ಯದ ಕೋರ್ಟು ಕೊಟ್ಟ ಶಿಕ್ಷೆಯೇ ಸಂವಿಧಾನಕ್ಕೆ ವಿರುದ್ಧ ಎಂದು ಫೆಡರಲ್, ಅಂದರೆ ಕೇಂದ್ರದ, ಕೋರ್ಟಿಗೆ ಹೇಳುವ ದಾರಿಯೂ ಇದೇ. 1996ರ ಕಾನೂನು ಅದಕ್ಕೆ ಒಂದು ವರ್ಷದ ಗಡುವು ಹಾಕಿತು.

ಲೆಕ್ಕ ನೋಡಿ. ರಾಜ್ಯದ ಅತ್ಯುನ್ನತ ಕೋರ್ಟು ಮೇಲ್ಮನವಿಯನ್ನು 2022ರ ಜನವರಿ 12ರಂದು ವಜಾ ಮಾಡಿತು ಅನ್ನಿ. ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಲು 90 ದಿನ ಇರುತ್ತದೆ. ಹೋಗದಿದ್ದರೂ ಆ 90 ದಿನವನ್ನು ವರ್ಷದ ಲೆಕ್ಕಕ್ಕೆ ಸೇರಿಸುವುದಿಲ್ಲ. ಏಪ್ರಿಲ್ 12ಕ್ಕೆ ಅದು ಮುಗಿದು ವರ್ಷ ಓಡತೊಡಗುತ್ತದೆ. 2023ರ ಫೆಬ್ರವರಿ 6ರಂದು ಸ್ಟೇಟ್ ಕೋರ್ಟಿಗೆ ಶಿಕ್ಷೆಯನ್ನು ಪ್ರಶ್ನಿಸಿ ಮತ್ತೊಂದು ಅರ್ಜಿ ಹಾಕಿದರೆ, ಆಗಲೇ 300 ದಿನ ಹೋಗಿದೆ. ಅರ್ಜಿ ಅಲ್ಲಿ ಎರಡು ವರ್ಷ ಕೊಳೆಯಲಿ, ಗಡಿಯಾರ ನಿಂತಿರುತ್ತದೆ. ಕೊನೆಯ ಆದೇಶ ಬಂದ ಮರುದಿನ 301ನೇ ದಿನ. ಕೈಯಲ್ಲಿ ಉಳಿದದ್ದು 65.

ಮೊದಲ ಸಲ ಸಿಕ್ಕ ಆ 90 ದಿನ ಈ ಎರಡನೇ ಸುತ್ತಿಗೆ ಸಿಗದು. 2007ರಲ್ಲಿ ಸುಪ್ರೀಂ ಕೋರ್ಟು ಅದನ್ನು ಖಚಿತಪಡಿಸಿದೆ. ವಕೀಲರು ಲೆಕ್ಕ ತಪ್ಪಿದರು ಅನ್ನುವ ನೆಪಕ್ಕೂ ಆ ತೀರ್ಪು ಜಾಗ ಕೊಡಲಿಲ್ಲ. ಇನ್ನು ಸ್ಟೇಟ್ ಅರ್ಜಿಯೇ ಅಲ್ಲಿನ ಗಡುವು ದಾಟಿ ಸಲ್ಲಿಕೆಯಾಗಿದ್ದರೆ ಗಡಿಯಾರ ನಿಂತೇ ಇರುವುದಿಲ್ಲ. ಹೊಸ ಸಾಕ್ಷ್ಯ ಸಿಕ್ಕಂಥ ಪ್ರಕರಣಗಳಲ್ಲಿ ವರ್ಷ ಬೇರೆ ದಿನದಿಂದ ಶುರುವಾಗಬಹುದು. ಅದನ್ನು ಕಡತ ನೋಡದೆ ಯಾರೂ ಹೇಳಬಾರದು.

ಪೆರೋಲ್ (ಅಲ್ಲಿ ಅವಧಿಗೆ ಮುನ್ನ ಸಿಗುವ ಷರತ್ತಿನ ಬಿಡುಗಡೆ) ಮೇಲೆ ಹೊರಬಂದವರು ತಮಗಿದು ಮುಗಿದ ಕತೆ ಅಂದುಕೊಳ್ಳುತ್ತಾರೆ. ಪೆರೋಲ್ ಕೂಡ ಬಂಧನವೇ ಎಂದು 1963ರಲ್ಲೇ ತೀರ್ಮಾನವಾಗಿದೆ. ಶಿಕ್ಷೆಯ ಅವಧಿ ಪೂರ್ತಿ ಮುಗಿಯುವ ಮುನ್ನ ಅರ್ಜಿ ಹಾಕಿರಬೇಕು, ಅಷ್ಟೆ. ಆಮೇಲೆ ಅವಧಿ ಮುಗಿದರೂ ಅಪರಾಧಿ ಎಂಬ ತೀರ್ಪನ್ನೇ ಪ್ರಶ್ನಿಸಿದ ಅರ್ಜಿ ಸಾಮಾನ್ಯವಾಗಿ ಬದುಕಿರುತ್ತದೆ. ಪೆರೋಲ್ ರದ್ದತಿಯನ್ನಷ್ಟೇ ಪ್ರಶ್ನಿಸಿದ್ದರೆ ಬಹುತೇಕ ಸತ್ತಂತೆಯೇ.

ಶುಲ್ಕ 5 ಡಾಲರ್. ವಕೀಲರಿಲ್ಲದೆ ಒಳಗಿನಿಂದಲೇ ಕಳಿಸುವವರಿಗೆ, ಜೈಲಿನ ಲೀಗಲ್ ಮೇಲ್‌ಗೆ (ಕೋರ್ಟಿನ ಕಾಗದಪತ್ರ ಕಳಿಸುವ ಅಂಚೆ ವ್ಯವಸ್ಥೆ) ಲಕೋಟೆ ಕೊಟ್ಟ ದಿನವೇ ಸಲ್ಲಿಕೆಯ ದಿನ. ಕೊಟ್ಟ ತಾರೀಖು ಮತ್ತು ಅಂಚೆ ವೆಚ್ಚ ಕಟ್ಟಿದ್ದನ್ನು ಪ್ರಮಾಣಪೂರ್ವಕವಾಗಿ ಬರೆದು, ಸಹಿ ಹಾಕಿ ಅರ್ಜಿಯ ಜೊತೆಗೇ ಇಡಲಿ. ಮನೆಯವರಿಗೆ ಅಂಚೆಯಲ್ಲಿ ಕಳಿಸಿ, ಅವರು ಕೋರ್ಟಿಗೆ ಕೊಡಲಿ ಅಂದರೆ ಈ ಅನುಕೂಲ ಕೈತಪ್ಪಬಹುದು.