ಪ್ರಾಯವಾದವರಿಗೆ ಉಚಿತ ಬಸ್: ದುಡ್ಡು ಯಾರು ಕೊಡಬೇಕು?

ಅರ್ಥಶಾಸ್ತ್ರ ಓದುತ್ತಿರಲಿ, ಸಾರ್ವಜನಿಕ ಆಡಳಿತ ಓದುತ್ತಿರಲಿ, ಈ ಪ್ರಶ್ನೆ ಒಂದಲ್ಲ ಒಂದು ಸಲ ಬಂದೇ ಬರುತ್ತದೆ: ಹಿರಿಯ ನಾಗರಿಕರಿಗೆ ಸಾರ್ವಜನಿಕ ಸಾರಿಗೆ ಉಚಿತ ಆಗಬೇಕೇ? ಉತ್ತರ ಬರೆಯುವವರು ಸಾಮಾನ್ಯವಾಗಿ "ದುಡಿದು ದಣಿದ ಹಿರಿಯರಿಗೆ ಗೌರವ" ಅಂತ ಶುರು ಮಾಡಿ "ಬೊಕ್ಕಸಕ್ಕೆ ಹೊರೆ" ಅಂತ ಮುಗಿಸುತ್ತಾರೆ. ಎರಡೂ ನಿಜ. ಆದರೆ ಅಷ್ಟು ಬರೆದರೆ ವಿಷಯದ ಒಳಗೆ ಇಳಿದ ಹಾಗಾಗುವುದಿಲ್ಲ.

ಮಂಗಳೂರು, ಉಡುಪಿ ಕಡೆ ಓದುವ ನಮಗೆ ಒಂದು ಅನುಕೂಲ ಇದೆ. ಇಲ್ಲಿ ಹೆಚ್ಚಿನ ಬಸ್ಸು ಖಾಸಗಿಯವರದ್ದು. ಹಾಗಾಗಿ "ಉಚಿತ" ಅಂದ ಕೂಡಲೇ "ಬಸ್ಸಿನ ಧನಿಗೆ ಯಾರು ಕೊಡ್ತಾರೆ?" ಅನ್ನುವ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಉಚಿತ ಪ್ರಯಾಣ ಕೊಡಬೇಕು, ಖಾಸಗಿ ಬಸ್ಸಿನಲ್ಲೂ ಕೊಡಬೇಕು. ಪ್ರತಿ ಪ್ರಯಾಣದ ನಷ್ಟವನ್ನು ಸರ್ಕಾರ ಲೆಕ್ಕ ಹಾಕಿ ಸಮಯಕ್ಕೆ ಸರಿಯಾಗಿ ತುಂಬಬೇಕು. ಅದು ಆಗದಿದ್ದರೆ ಯೋಜನೆ ಕಾಗದದಲ್ಲೇ ಉಳಿಯುತ್ತದೆ. ಯಾಕೆ ಅಂತ ಮುಂದೆ ನೋಡೋಣ.

ಈಗ ಏನೇನು ಸಿಗುತ್ತದೆ

ಕೆಎಸ್ಆರ್‌ಟಿಸಿಯಲ್ಲಿ 60 ದಾಟಿದವರಿಗೆ ಟಿಕೆಟಿನಲ್ಲಿ ಶೇ 25 ರಿಯಾಯಿತಿ ಇದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಆಮೇಲೆ ರಾಜ್ಯದ ಮಹಿಳೆಯರಿಗೆ, ಪ್ರಾಯ ಎಷ್ಟೇ ಇರಲಿ, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜಹಂಸ, ಎಸಿ, ಸ್ಲೀಪರ್‌ಗಳಿಗೆ ಇದು ಇಲ್ಲ. ಕಂಡಕ್ಟರ್ ಶೂನ್ಯ ದರದ ಟಿಕೆಟ್ ಕೊಡುತ್ತಾರೆ. ಆ ಟಿಕೆಟಿನ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ಹಣ ತುಂಬುತ್ತದೆ.

ಈಗ ಒಂದು ಅಜ್ಜ ಅಜ್ಜಿಯನ್ನು ಬಿಜೈಯ ಕೆಎಸ್ಆರ್‌ಟಿಸಿ ನಿಲ್ದಾಣದಿಂದ ಧರ್ಮಸ್ಥಳದ ಬಸ್ಸು ಹತ್ತಿಸಿ ನೋಡಿ. ಅಜ್ಜಿಗೆ ಟಿಕೆಟ್ ಸೊನ್ನೆ. ಅಜ್ಜನಿಗೆ ಮುಕ್ಕಾಲು ದುಡ್ಡು. ಅದೇ ಜೋಡಿ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ಬಂದು ಸಿಟಿ ಬಸ್ಸು ಹತ್ತಿದರೆ ಇಬ್ಬರಿಗೂ ಪೂರ್ತಿ ದುಡ್ಡು. ಯಾಕಂದ್ರೆ ಅದು ಖಾಸಗಿ ಬಸ್ಸು. ಕೆಎಸ್ಆರ್‌ಟಿಸಿ ಓಡಿಸುವ ನರ್ಮ್ ಬಸ್ಸು, ಅಂದರೆ ಸರ್ಕಾರಿ ಸಿಟಿ ಬಸ್ಸು, ಸಿಕ್ಕಿದರೆ ಅದೃಷ್ಟ. ಉಡುಪಿಯಲ್ಲೂ ಇದೇ ಕಥೆ.

ಅಂದರೆ ಕರ್ನಾಟಕದಲ್ಲಿ "ಹಿರಿಯರಿಗೆ ಉಚಿತ ಬಸ್" ಅನ್ನುವ ಚರ್ಚೆ ನಿಜವಾಗಿ ಎರಡು ಗುಂಪಿನ ಬಗ್ಗೆ: ಎಲ್ಲ ಕಡೆಯ ಪ್ರಾಯವಾದ ಗಂಡಸರು, ಮತ್ತು ಖಾಸಗಿ ಬಸ್ಸನ್ನೇ ನಂಬಿರುವ ಜಾಗಗಳ ಹೆಂಗಸರು. ಉತ್ತರದಲ್ಲಿ ಇದನ್ನು ಬರೆದರೆ ನೀವು ವಿಷಯ ಯೋಚಿಸಿದ್ದೀರಿ ಅಂತ ಓದಿದವರಿಗೆ ಗೊತ್ತಾಗುತ್ತದೆ.

ಹೊರಗಿನ ಉದಾಹರಣೆಗಳಲ್ಲಿ ಎರಡು ನೆನಪಿಟ್ಟುಕೊಳ್ಳಿ. ಮಹಾರಾಷ್ಟ್ರದ ಎಸ್‌ಟಿ (ರಾಜ್ಯ ಸಾರಿಗೆ) ಬಸ್ಸುಗಳಲ್ಲಿ 2022ರ ಆಗಸ್ಟ್‌ನಿಂದ 75 ದಾಟಿದವರಿಗೆ ಪೂರ್ತಿ ಉಚಿತ, 65ರಿಂದ 75ರವರಿಗೆ ಅರ್ಧ. ಚೆನ್ನೈಯ ಎಂಟಿಸಿ (ಸರ್ಕಾರಿ ಸಿಟಿ) ಬಸ್ಸುಗಳಲ್ಲಿ 2016ರಿಂದ 60 ದಾಟಿದವರಿಗೆ ತಿಂಗಳಿಗೆ 10 ಉಚಿತ ಟೋಕನ್. ಒಂದು ಕಡೆ ಪ್ರಾಯದ ಮಿತಿ ಮೇಲೆ ಹೋಯಿತು. ಇನ್ನೊಂದು ಕಡೆ ಪ್ರಯಾಣದ ಸಂಖ್ಯೆಗೆ ಮಿತಿ ಬಂತು. ಖರ್ಚನ್ನು ಹತೋಟಿಯಲ್ಲಿ ಇಡುವ ಎರಡು ಬೇರೆ ಬೇರೆ ದಾರಿಗಳು ಇವು. ರೈಲಿನದ್ದು ಇದಕ್ಕೆ ತದ್ವಿರುದ್ಧ. 60 ದಾಟಿದ ಗಂಡಸರಿಗೆ ಶೇ 40, 58 ದಾಟಿದ ಹೆಂಗಸರಿಗೆ ಶೇ 50 ಇದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣ ಕೊಟ್ಟು ನಿಲ್ಲಿಸಿದರು. ಕೊರೊನಾ ಮುಗಿದ ಮೇಲೂ ಅದು ವಾಪಸ್ ಬರಲಿಲ್ಲ. ಆದೇಶದಲ್ಲಿ ಕೊಟ್ಟದ್ದನ್ನು ಆದೇಶದಲ್ಲೇ ತೆಗೆಯಬಹುದು, ಇದು ದೊಡ್ಡ ಪಾಠ.

ದುಡ್ಡು ಕೊಡದೆ "ಉಚಿತ" ಅಂದರೆ ಏನಾಗುತ್ತದೆ

ಇದು ಈ ಟಿಪ್ಪಣಿಯ ಮುಖ್ಯ ಭಾಗ. ಸ್ವಲ್ಪ ನಿಧಾನವಾಗಿ ಓದಿ.

1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 67ರಲ್ಲಿ ಬಸ್ ದರ ನಿಗದಿ ಮಾಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಪರ್ಮಿಟ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಹಾಗಾದರೆ "ಪರ್ಮಿಟ್ ಬೇಕಾ, ಹಿರಿಯರನ್ನು ಫ್ರೀ ಆಗಿ ಕರ್ಕೊಂಡು ಹೋಗಿ" ಅಂದುಬಿಟ್ಟರೆ ಸಾಕಲ್ವಾ ಅಂತ ಅನಿಸಬಹುದು. ಸರ್ಕಾರಕ್ಕೆ ಒಂದು ಪೈಸೆ ಖರ್ಚಿಲ್ಲ.

ಆದರೆ ಸ್ಟಾಪಿನಲ್ಲಿ ನಿಂತು ನೋಡಿ. ಹಿಂದಿನ ಬಸ್ಸು ಎರಡು ನಿಮಿಷದ ಅಂತರದಲ್ಲಿ ಬರುತ್ತಿದೆ. ಟೈಮ್ ತಪ್ಪಿದರೆ ಮುಂದಿನ ಸ್ಟಾಪಿನ ಕಲೆಕ್ಷನ್ ಅವನಿಗೆ. ಕಂಡಕ್ಟರ್ ಫುಟ್‌ಬೋರ್ಡಿನಲ್ಲಿ ನೇತಾಡುತ್ತಾ "ದುಂಬು ಪೋಲೆ, ದುಂಬು ಪೋಲೆ" (ತುಳುವಿನಲ್ಲಿ "ಮುಂದೆ ಹೋಗಿ") ಅಂತ ಜನರನ್ನು ಒಳಗೆ ತಳ್ಳುತ್ತಿದ್ದಾನೆ. ಸ್ಟಾಪಿನಲ್ಲಿ ಒಬ್ಬರು ಅಜ್ಜಿ, ಒಂದು ಕೈಯಲ್ಲಿ ಬಟ್ಟೆಯ ಚೀಲ, ಚೀಲದೊಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ವೆನ್‌ಲಾಕ್ ಆಸ್ಪತ್ರೆಯ ಚೀಟಿ. ಅವರು ಕಂಬಿ ಹಿಡಿದು, ಒಂದು ಕಾಲು ಇಟ್ಟು, ಇನ್ನೊಂದು ಕಾಲು ಎತ್ತುವಷ್ಟರಲ್ಲಿ ಅರ್ಧ ನಿಮಿಷ ಆಗುತ್ತದೆ. ದುಡ್ಡು ಕೊಡುವಾಗಲೇ "ಬೇಗ ಬೇಗ" ಅನ್ನಿಸಿಕೊಳ್ಳುವವರು ಅವರು. ಅವರಿಂದ ಒಂದು ರೂಪಾಯಿಯೂ ಬರುವುದಿಲ್ಲ ಅಂತಾದರೆ? ಒಬ್ಬರೇ ನಿಂತಿದ್ದರೆ ಬಸ್ಸು ನಿಲ್ಲದೆ "ರೈಟ್ ಪೋಯಿ" (ರೈಟ್, ಹೋಗುವಾ) ಅಂತ ಹೋಗುವ ಸಾಧ್ಯತೆ ಜಾಸ್ತಿ.

ಇದಕ್ಕೆ ಕಂಡಕ್ಟರನ್ನು ಬೈದು ಪ್ರಯೋಜನ ಇಲ್ಲ. ದಿನದ ಕಲೆಕ್ಷನ್ ಮೇಲೆ ನಿಂತ ವ್ಯವಸ್ಥೆಯಲ್ಲಿ ಅವನು ಹಾಗೆ ಮಾಡುವುದು ಸಹಜ. ಅರ್ಥಶಾಸ್ತ್ರದಲ್ಲಿ ಪ್ರೋತ್ಸಾಹಕ ಅಂತ ಓದುತ್ತೇವಲ್ಲ, ಅದೇ ಇದು. ಅಜ್ಜಿ ಹತ್ತಿದರೆ ಬಸ್ಸಿಗೆ ಲಾಭ ಇರಬೇಕು. ಆಗ ಬಸ್ಸು ತಾನಾಗಿ ನಿಲ್ಲುತ್ತದೆ.

ಎಷ್ಟು ತುಂಬಿಕೊಡಬೇಕು

ಇಂಗ್ಲೆಂಡಿನ ಉದಾಹರಣೆ ನಮಗೆ ಚೆನ್ನಾಗಿ ಹೊಂದುತ್ತದೆ. ಅಲ್ಲೂ ಲಂಡನ್ ಬಿಟ್ಟು ಉಳಿದ ಕಡೆ 1986ರಿಂದ ಬಸ್ಸುಗಳು ಬಹುಪಾಲು ಖಾಸಗಿ ಕಂಪನಿಗಳ ಕೈಯಲ್ಲಿವೆ. 2008ರ ಏಪ್ರಿಲ್‌ನಿಂದ ದೇಶದ ಯಾವುದೇ ಊರಿನ ಲೋಕಲ್ ಬಸ್ಸಿನಲ್ಲಿ ಹಿರಿಯರಿಗೆ ಪ್ರಯಾಣ ಉಚಿತ. ಕಂಪನಿಗೆ ಸ್ಥಳೀಯ ಆಡಳಿತ ಹಣ ಕೊಡುತ್ತದೆ. ಅದರ ತತ್ವ ಇಷ್ಟೇ: ಯೋಜನೆಯಿಂದ ಕಂಪನಿಗೆ ನಷ್ಟವೂ ಆಗಬಾರದು, ಹೆಚ್ಚಿನ ಲಾಭವೂ ಆಗಬಾರದು.

ಇದನ್ನು ಲೆಕ್ಕದಲ್ಲಿ ನೋಡೋಣ. ಸಂಖ್ಯೆಗಳು ಕಲಿಯುವುದಕ್ಕೆ ಮಾತ್ರ. ಒಂದು ರೂಟಿನಲ್ಲಿ ದಿನಕ್ಕೆ 100 ಹಿರಿಯರು ತಲಾ 20 ರೂಪಾಯಿ ಕೊಟ್ಟು ಹೋಗುತ್ತಿದ್ದರು ಅಂದುಕೊಳ್ಳಿ. ಆದಾಯ 2,000 ರೂಪಾಯಿ. ಉಚಿತ ಮಾಡಿದ ಮೇಲೆ 150 ಜನ ಬರತೊಡಗಿದರು. ಬಸ್ಸಿನ ಧನಿ "150 ಟಿಕೆಟ್, 3,000 ಕೊಡಿ" ಅನ್ನಬಹುದು. ಆದರೆ ಆ 50 ಜನ ಮೊದಲು ಬರುತ್ತಲೇ ಇರಲಿಲ್ಲ. ಅವರಿಂದ ಕಳೆದುಕೊಂಡ ಆದಾಯ ಸೊನ್ನೆ. ಬಸ್ಸು ಹೇಗೂ ಓಡುತ್ತಿತ್ತು, ಸೀಟು ಹೇಗೂ ಖಾಲಿ ಇತ್ತು. ಅವರಿಗಾಗಿ ಬಂದ ಹೆಚ್ಚುವರಿ ಖರ್ಚು, ಸ್ವಲ್ಪ ಡೀಸೆಲ್, ಸ್ವಲ್ಪ ಸಮಯ ಸೇರಿಸಿ ತಲಾ 2 ರೂಪಾಯಿ ಅಂತಿಟ್ಟರೆ 100 ರೂಪಾಯಿ. ಒಟ್ಟು 2,100 ಕೊಟ್ಟರೆ ನ್ಯಾಯ.

ಇಲ್ಲಿ ಎರಡು ತೊಡಕು. ಒಂದು, ಆ 50 ಜನ ರಶ್ಶಿನ ಹೊತ್ತಿಗೆ ಬಂದು ಇನ್ನೊಂದು ಬಸ್ಸು ಬಿಡಬೇಕಾಗಿ ಬಂದರೆ 2 ರೂಪಾಯಿಯ ಲೆಕ್ಕ ಬಿದ್ದುಹೋಗುತ್ತದೆ. ಇನ್ನೊಂದು, "ಉಚಿತ ಇಲ್ಲದಿದ್ದರೆ ಎಷ್ಟು ಜನ ಬರುತ್ತಿದ್ದರು" ಅನ್ನುವುದನ್ನು ಯಾರೂ ಕಣ್ಣಾರೆ ನೋಡಲಾಗುವುದಿಲ್ಲ. ಅಂದಾಜು ಮಾಡಬೇಕು. ಇಂಗ್ಲೆಂಡಿನಲ್ಲಿ ಆಡಳಿತ ಮತ್ತು ಬಸ್ ಕಂಪನಿಗಳು ಜಗ್ಗಾಡುವುದು ಇದೇ ಸಂಖ್ಯೆಯ ಮೇಲೆ.

ಪೂರ್ತಿ ಟಿಕೆಟ್ ದರ ಕೊಡುವ ಪದ್ಧತಿ ಮಾಡಿದರೆ ಇನ್ನೊಂದು ಅಪಾಯ ಇದೆ. ಪ್ರಯಾಣಿಕರೇ ಇಲ್ಲದೆ ಟಿಕೆಟ್ ಮೆಷಿನ್ ಸುಮ್ನೆ ಒತ್ತಿದರೂ ದುಡ್ಡು ಬರುತ್ತದೆ! ಮಂಗಳೂರಿನ ಖಾಸಗಿ ಸಿಟಿ ಬಸ್ಸುಗಳಲ್ಲಿ ಚಲೋ ಕಾರ್ಡ್ (ಟಿಕೆಟ್ ಮೆಷಿನಿಗೆ ತಾಗಿಸಿ ದುಡ್ಡು ಕೊಡುವ ಕಾರ್ಡ್) ಈಗಾಗಲೇ ಬಂದಿರುವುದರಿಂದ ಇಲ್ಲಿ ಒಂದು ದಾರಿ ಕಾಣುತ್ತದೆ. ಹಿರಿಯರಿಗೂ ಅಂಥದ್ದೇ ಒಂದು ಕಾರ್ಡ್ ಕೊಟ್ಟು, ಮೆಷಿನಿಗೆ ತಾಗಿಸಿದ ಲೆಕ್ಕದ ಮೇಲೆ ಹಣ ಕೊಡಬಹುದು. ಒಂದು ಕಾರ್ಡ್ ದಿನಕ್ಕೆ ಇಪ್ಪತ್ತು ಸಲ ತಾಗಿದರೆ ತಕ್ಷಣ ಗೊತ್ತಾಗುತ್ತದೆ.

ಯಾವ ಹೊತ್ತಿಗೆ ಉಚಿತ

ಇಂಗ್ಲೆಂಡಿನಲ್ಲಿ ಕೆಲಸದ ದಿನಗಳಲ್ಲಿ ಬೆಳಿಗ್ಗೆ 9.30ರಿಂದ ರಾತ್ರಿ 11ರವರೆಗೆ ಉಚಿತ, ಶನಿವಾರ ಭಾನುವಾರ ಇಡೀ ದಿನ. ಕಾರಣ ಮೇಲಿನ ಲೆಕ್ಕದಲ್ಲೇ ಇದೆ. ಖಾಲಿ ಬಸ್ಸಿನ ಸೀಟಿಗೆ ಖರ್ಚಿಲ್ಲ, ತುಂಬಿದ ಬಸ್ಸಿನದ್ದಕ್ಕೆ ಇದೆ.

ಇದನ್ನು ಹಾಗೇ ತಂದು ನಮ್ಮಲ್ಲಿ ಹಾಕಿದರೆ ತಪ್ಪಾಗುತ್ತದೆ ಅಂತ ನನಗೆ ಅನಿಸುತ್ತದೆ. ಸರ್ಕಾರಿ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಬೆಳಿಗ್ಗೆಯೇ ಕ್ಯೂ. ಮಂಗಳೂರಿನ ವೆನ್‌ಲಾಕ್‌ಗೆ, ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ದೂರದಿಂದ ಬರುವವರು ಏಳು, ಎಂಟು ಗಂಟೆಯ ಬಸ್ಸು ಹಿಡಿಯಲೇಬೇಕು. 9.30ರ ನಂತರ ಹೊರಟವರು ಚೀಟಿ ಮಾಡಿಸುವಷ್ಟರಲ್ಲಿ ಡಾಕ್ಟರು ಏಳುವ ಹೊತ್ತು. ಉಚಿತ ಪ್ರಯಾಣ ಯಾರಿಗೆ ಅತಿ ಹೆಚ್ಚು ಬೇಕೋ ಅವರನ್ನೇ ಈ ನಿಯಮ ಹೊರಗಿಡುತ್ತದೆ. ಕಾಲೇಜು ಮಕ್ಕಳಿಂದ ಬಸ್ಸು ತುಂಬುವುದೂ ಅದೇ ಹೊತ್ತಿಗೆ, ಅದು ನಿಜ.

ಹಾಗಾಗಿ ಎರಡೂ ಮಾದರಿಯನ್ನು ಸೇರಿಸಬಹುದು. ಮಧ್ಯಾಹ್ನದ ಖಾಲಿ ಬಸ್ಸಿನಲ್ಲಿ ಎಷ್ಟು ಬೇಕಾದರೂ ಉಚಿತ. ಬೆಳಿಗ್ಗೆ ಸಂಜೆಯ ರಶ್ಶಿನಲ್ಲಿ ಚೆನ್ನೈಯ ಟೋಕನ್ ಹಾಗೆ ತಿಂಗಳಿಗೆ ಇಂತಿಷ್ಟು. ಆಸ್ಪತ್ರೆಗೆ ಅದು ಸಾಕು.

ಶ್ರೀಮಂತರಿಗೂ ಯಾಕೆ

ಇದು ಚರ್ಚಾಸ್ಪರ್ಧೆಯಲ್ಲಿ ಖಂಡಿತ ಬರುವ ಪ್ರಶ್ನೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಮಾತ್ರ ಕೊಡಿ ಅನ್ನುವವರು ಬಹಳ ಜನ. ನನ್ನ ಉತ್ತರ: ಸಿಟಿ ಬಸ್ಸೇ ಸ್ವಲ್ಪ ಮಟ್ಟಿಗೆ ಜರಡಿ ಹಿಡಿಯುತ್ತದೆ. ಮನೆಯಲ್ಲಿ ಕಾರು, ಡ್ರೈವರ್ ಇರುವ ಎಪ್ಪತ್ತರ ಹಿರಿಯರು ರಶ್ಶಿನ ಬಸ್ಸಿನಲ್ಲಿ ನಿಂತು ಹೋಗುವುದು ಕಡಿಮೆ. ಅವರಲ್ಲೊಬ್ಬರು ಹೋದರೂ ಒಂದು ಕಾರು ರಸ್ತೆಯಿಂದ ಕಡಿಮೆಯಾಯಿತು, ಒಳ್ಳೆಯದೇ. ಇನ್ನು ಕರಾವಳಿಯಲ್ಲಿ ದೊಡ್ಡ ಮನೆ ಇದ್ದು, ಮಕ್ಕಳು ಬೆಂಗಳೂರು, ಮುಂಬೈ, ಗಲ್ಫ್‌ನಲ್ಲಿದ್ದು, ಕೈಯಲ್ಲಿ ಖರ್ಚಿಗೆ ಕಾಸಿಲ್ಲದ ಹಿರಿಯರು ಎಷ್ಟು ಜನ! ಮನೆ ನೋಡಿ ಬಡತನ ಅಳೆಯಲು ಹೋದರೆ ಇವರು ತಪ್ಪಿಹೋಗುತ್ತಾರೆ.

"ಅದರ ಬದಲು ಪಿಂಚಣಿ ಹೆಚ್ಚು ಮಾಡಿ" ಅನ್ನುವ ವಾದಕ್ಕೆ ಇದಕ್ಕಿಂತ ಹೆಚ್ಚು ತೂಕ ಇದೆ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ. ಆಸ್ಪತ್ರೆಗೆ ಹೋಗಿ ಬರಲು 80 ರೂಪಾಯಿ ಅಂದುಕೊಂಡರೆ ನಾಲ್ಕು ಸಲಕ್ಕೆ 320, ಪಿಂಚಣಿಯ ಕಾಲು ಭಾಗಕ್ಕಿಂತ ಜಾಸ್ತಿ. ಹಣವನ್ನೇ ಕೊಟ್ಟರೆ ಬೇಕಾದ್ದಕ್ಕೆ ಖರ್ಚು ಮಾಡುವ ಸ್ವಾತಂತ್ರ್ಯ ಇರುತ್ತದೆ, ಒಪ್ಪೋಣ. ಆದರೆ ನಮ್ಮ ಮನೆಗಳಲ್ಲಿ ಅಜ್ಜಿಯ ಕೈಗೆ ಬಂದ ದುಡ್ಡು ಅಜ್ಜಿಗೇ ಉಳಿಯುತ್ತದಾ? ಮೊಮ್ಮಗುವಿನ ಪುಸ್ತಕಕ್ಕೆ, ಗ್ಯಾಸಿಗೆ ಹೋಗುತ್ತದೆ. ತಮ್ಮ ಡಾಕ್ಟರ ಭೇಟಿಯನ್ನು ಅವರು "ಇನ್ನೊಂದು ವಾರ ನೋಡುವಾ" ಅಂತ ಮುಂದೆ ಹಾಕುತ್ತಾರೆ. ಬಸ್ ಕಾರ್ಡನ್ನು ಬೇರೆ ಖರ್ಚಿಗೆ ತಿರುಗಿಸಲಾಗುವುದಿಲ್ಲ. ಈ ಒಂದು ಕಾರಣಕ್ಕೆ ನಾನು ಕಾರ್ಡಿನ ಪರ.

ಪ್ರಾಯದ ಗೆರೆ ಎಲ್ಲಿ ಎಳೆಯಬೇಕು

ದಕ್ಷಿಣ ಕೊರಿಯಾದಲ್ಲಿ 1984ರಿಂದ 65 ದಾಟಿದವರಿಗೆ ಮೆಟ್ರೊ ಉಚಿತ. ಆಗ ಅಲ್ಲಿ 65 ದಾಟಿದವರು ಜನಸಂಖ್ಯೆಯ ಸುಮಾರು ಶೇ 4. 2024ರ ಕೊನೆಗೆ ಅದು ಶೇ 20 ಆಯಿತು. ನಿಯಮ ರಾಷ್ಟ್ರದ ಕಾನೂನಿನದ್ದು, ನಷ್ಟ ನಗರಗಳ ತಲೆಯ ಮೇಲೆ. ಅಲ್ಲಿಯ ಜಗಳ ಇದೇ. ದೇಗು ನಗರ ಮೆಟ್ರೊದ ಮಿತಿಯನ್ನು ವರ್ಷಕ್ಕೊಂದರಂತೆ ಏರಿಸಿ 2028ಕ್ಕೆ 70 ಮಾಡಲು ಹೊರಟಿದೆ. ಜೊತೆಗೆ ಬಸ್ಸನ್ನೂ ಹಿರಿಯರಿಗೆ ಉಚಿತ ಮಾಡಿದೆ. ಮೊದಲು 75ಕ್ಕೆ ಶುರು ಮಾಡಿ ಪ್ರತಿ ವರ್ಷ ಇಳಿಸುತ್ತಾ ಅದನ್ನೂ 70ಕ್ಕೆ ತರುವುದು. ಒಂದನ್ನು ಕೊಟ್ಟು ಒಂದನ್ನು ಬಿಗಿ ಮಾಡುವ ಈ ಉಪಾಯ ನನಗೆ ಮೆಚ್ಚುಗೆಯಾಯಿತು.

ನಮ್ಮ 2011ರ ಜನಗಣತಿಯಲ್ಲಿ 60 ದಾಟಿದವರು ದೇಶದಲ್ಲಿ ಶೇ 8.6, ಪಕ್ಕದ ಕೇರಳದಲ್ಲಿ ಶೇ 12.6. ನಾವೂ ಅದೇ ದಾರಿಯಲ್ಲಿದ್ದೇವೆ. ಮೊದಲೇ 60ಕ್ಕೆ ಗೆರೆ ಎಳೆದರೆ ಆಮೇಲೆ ಏರಿಸುವ ಧೈರ್ಯ ಯಾವ ಸರ್ಕಾರಕ್ಕೂ ಬರುವುದಿಲ್ಲ. 70ರಿಂದ ಶುರು ಮಾಡಿ, ಹಣ ಸರಿಯಾಗಿ ತಲುಪುತ್ತಿದೆ ಅಂತ ಗೊತ್ತಾದ ಮೇಲೆ ಇಳಿಸುತ್ತಾ ಬರುವುದು ಜಾಣತನ.

ಲಾಭದ ಬಗ್ಗೆ ಬರೆಯುವಾಗ ಒಂದು ಎಚ್ಚರ

ಇಂಗ್ಲೆಂಡಿನ ಉಚಿತ ಪಾಸ್ ಇರುವ ಹಿರಿಯರು ನಡಿಗೆಯಲ್ಲೂ ಮುಂದಿದ್ದಾರೆ ಅಂತ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 2012ರಲ್ಲಿ ತೋರಿಸಿದರು. ಬಸ್ ಸ್ಟಾಪಿಗೆ ನಡೆಯಲೇಬೇಕಲ್ಲ! ಆದರೆ ಪಾಸ್‌ನಿಂದ ನಡಿಗೆ ಹೆಚ್ಚಿತೋ, ನಡೆಯಬಲ್ಲವರೇ ಪಾಸ್ ಮಾಡಿಸಿದರೋ, ಇದನ್ನು ಬೇರ್ಪಡಿಸುವುದು ಕಷ್ಟ. "ಸಂಬಂಧ ಕಂಡುಬಂದಿದೆ" ಅಂತಷ್ಟೇ ಬರೆಯಿರಿ.

ಮೆಟ್ಟಿಲು

ಟಿಕೆಟ್ ಸೊನ್ನೆ ಮಾಡಿದರೂ ಬಸ್ಸಿನ ಎತ್ತರ ಕಡಿಮೆಯಾಗುವುದಿಲ್ಲ. ಕೇಂದ್ರ ಸರ್ಕಾರದ ನಗರ ಬಸ್ ಮಾನದಂಡದಲ್ಲಿ ನೆಲದ ಎತ್ತರ 400, 650, 900 ಮಿಲಿಮೀಟರ್ ಅಂತ ಮೂರು ಬಗೆ ಇದೆ. 400ರದ್ದಾದರೆ ಮೆಟ್ಟಿಲೇ ಬೇಡ, ಗಂಟು ನೋವಿದ್ದವರೂ ಹತ್ತಬಹುದು. ಲಾರಿಯ ಚಾಸಿ ಮೇಲೆ ಬಾಡಿ ಕಟ್ಟಿದ ಬಸ್ಸಿಗೆ ಹತ್ತುವುದು ಎಂಬತ್ತರ ಮೊಣಕಾಲಿಗೆ ಆಗದ ಮಾತು. ಹಾಗಾಗಿ ಧನಿಗಳಿಗೆ ಕೊಡುವ ಹಣದಲ್ಲೇ ಒಂದು ಷರತ್ತು ಸೇರಿಸಬೇಕು ಅನ್ನುವುದು ನನ್ನ ಸಲಹೆ: ತಗ್ಗಿನ ನೆಲದ ಬಸ್ಸಿಗೆ ಪ್ರತಿ ಪ್ರಯಾಣಕ್ಕೆ ಸ್ವಲ್ಪ ಜಾಸ್ತಿ ದರ.

ಅಭ್ಯಾಸಕ್ಕೆ

ನಿಮ್ಮ ಊರಿನ ಒಂದು ಖಾಸಗಿ ರೂಟ್ ತೆಗೆದುಕೊಳ್ಳಿ. ಬೆಳಿಗ್ಗೆ ಎಂಟರಿಂದ ಒಂಬತ್ತು, ಮಧ್ಯಾಹ್ನ ಎರಡರಿಂದ ಮೂರು, ಈ ಎರಡು ಹೊತ್ತಿನಲ್ಲಿ ಹತ್ತುವ ಹಿರಿಯರನ್ನು ಎಣಿಸಿ. ಅವರಲ್ಲಿ ಕೆಲವರನ್ನು "ಬಸ್ಸು ಫ್ರೀ ಆಗಿದ್ದರೆ ವಾರಕ್ಕೆ ಎಷ್ಟು ಸಲ ಬರ್ತಿದ್ರಿ?" ಅಂತ ಕೇಳಿ. ಒಬ್ಬರೇ ಬಂದಿದ್ದಾರಾ, ಜೊತೆಗೆ ಯಾರಾದರೂ ಇದ್ದಾರಾ ಅಂತಲೂ ಬರೆದುಕೊಳ್ಳಿ. ಜೊತೆಗೆ ಬರುವ ಮಗಳ ಅಥವಾ ಸೊಸೆಯ ಟಿಕೆಟ್ ಯಾರ ಲೆಕ್ಕಕ್ಕೆ ಅನ್ನುವುದನ್ನು ನಾನು ಇಲ್ಲಿ ಮುಟ್ಟಿಲ್ಲ. ಆಮೇಲೆ ಮೇಲಿನ 2,100ರ ಲೆಕ್ಕವನ್ನು ನಿಮ್ಮ ಸಂಖ್ಯೆಗಳಿಂದ ಮಾಡಿ ನೋಡಿ, ಜೊತೆಯವರನ್ನು ಸೇರಿಸಿ ಒಂದು ಸಲ, ಬಿಟ್ಟು ಒಂದು ಸಲ.