ಹರವಿದ ಭತ್ತ, ಹರಡಿದ ಗೆರೆ

ಸುಗ್ಗಿಯಲ್ಲಿ ಗಂಗಾವತಿ ಕಡೆ ಹೋದರೆ ರಸ್ತೆ ಬದಿಗೆಲ್ಲ ಭತ್ತ ಹರವಿರುತ್ತಾರೆ. ನಾಲ್ಕು ಬೆರಳು ದಪ್ಪ, ಅಷ್ಟೇ. ಹತ್ತು ಚೀಲದವರದೂ ನಾಲ್ಕೇ ಬೆರಳು, ನೂರು ಚೀಲದವರದೂ ನಾಲ್ಕೇ ಬೆರಳು. ಸುಮ್ನೆ ದಪ್ಪ ನೋಡಿ ಯಾರ ಭತ್ತ ಜಾಸ್ತಿ ಅಂತ ಹೇಳಲು ಆಗುವುದಿಲ್ಲ, ಅಲ್ವಾ? ಹರವು ಎಲ್ಲಿಯವರೆಗೆ ಹೋಗಿದೆ ಅಂತ ನೋಡಬೇಕು.

ಮೈಕ್ರೋವೇವ್ (ಒಲೆಯಲ್ಲ, ರೇಡಿಯೋ ಅಲೆಯಂಥದೇ ಅಲೆ) ಬಿಟ್ಟು ಅನಿಲ ಎಷ್ಟಿದೆ ಅಂತ ಅಳೆಯುವಾಗಲೂ ಇದೇ ಲೆಕ್ಕ.

ದನದ ಕೊಟ್ಟಿಗೆಯಲ್ಲಿ ಮೂಗಿಗೆ ಹೊಡೆಯುವ ಅಮೋನಿಯಾವನ್ನೇ ತೆಗೆದುಕೊಳ್ಳಿ. ಗಾಳಿಗೆ ಸಿಕ್ಕ ಕೊಡೆಯಂತೆ ಅದರ ಅಣು ಸೆಕೆಂಡಿಗೆ ಸುಮಾರು 2,400 ಕೋಟಿ ಸಲ ಒಳಹೊರಗಾಗುತ್ತದೆ. ಅದೇ ಲಯದ ಮೈಕ್ರೋವೇವ್ ಬಿಟ್ಟರೆ ಹೀರಿಕೊಳ್ಳುತ್ತದೆ. ಯಾವ ಲಯದಲ್ಲಿ ಎಷ್ಟು ಹೀರಿತು ಅಂತ ನಕ್ಷೆ ಬರೆದರೆ ಅಲ್ಲೊಂದು ದಿಬ್ಬ ಏಳುತ್ತದೆ, ಅದನ್ನೇ ಗೆರೆ ಅನ್ನುತ್ತಾರೆ. 1934ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಕ್ಲೀಟನ್ ಮತ್ತು ವಿಲಿಯಮ್ಸ್ ಇದನ್ನು ಮೊದಲು ಕಂಡರು. ಅವರಿಗೆ ಕಂಡದ್ದು ಒಂದೇ ಅಗಲವಾದ ದಿಬ್ಬ. 1946ರಲ್ಲಿ ಒತ್ತಡ ತೀರಾ ಇಳಿಸಿ ನೋಡಿದಾಗ ಆ ದಿಬ್ಬ ಬಿಡಿಬಿಡಿ ಗೆರೆಗಳಾಗಿ ಒಡೆಯಿತು.

ಯಾಕೆಂದರೆ ಅಣುಗಳು ಡಿಕ್ಕಿ ಹೊಡೆದಷ್ಟೂ ಗೆರೆ ಅಗಲವಾಗುತ್ತದೆ. ಅನಿಲ ಇಟ್ಟು ಅಳೆಯುವ ಕೊಳವೆಗೆ ಎರಡು ಪಟ್ಟು ಅಮೋನಿಯಾ ತುಂಬಿ. ಹೀರುವ ಅಣುಗಳು ಎರಡು ಪಟ್ಟು, ಪ್ರತಿ ಅಣುವಿಗೆ ಬೀಳುವ ಡಿಕ್ಕಿಯೂ ಎರಡು ಪಟ್ಟು. ಗೆರೆಯ ಅಗಲ ಇಮ್ಮಡಿಯಾಗುತ್ತದೆ, ಎತ್ತರ ಮಾತ್ರ ಇದ್ದಲ್ಲೇ ಇರುತ್ತದೆ! ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಚೆಂದ ಕಾಣುವುದು ಇದೇ. ಎತ್ತರ ನೋಡಿದರೆ ಮೋಸ ಹೋಗುತ್ತೇವೆ. ಗೆರೆಯ ಕೆಳಗಿನ ಇಡೀ ಜಾಗ ಅಳೆದರೆ ಅಣುಗಳ ಲೆಕ್ಕ ಸಿಗುತ್ತದೆ.

ಉಷ್ಣಾಂಶವನ್ನೂ ಬರೆದಿಟ್ಟುಕೊಳ್ಳಬೇಕು. ಬಳ್ಳಾರಿ ಬಿಸಿಲಿನಂಥ ಸೆಕೆಯಲ್ಲಿ ಅಷ್ಟೇ ಅಣುಗಳು ಬೇರೆ ಬೇರೆ ಗೆರೆಗಳಿಗೆ ಹಂಚಿಹೋಗುವ ರೀತಿ ಬದಲಾಗುತ್ತದೆ.

ಮೈಕ್ರೋವೇವ್ ಜೋರು ಮಾಡಿದರೆ ಗೆರೆ ಚೆನ್ನಾಗಿ ಕಾಣುತ್ತದೆ ಅನ್ನಿಸಬಹುದು. ರೈಸ್ ಮಿಲ್ಲಿನ ಹಮಾಲರನ್ನು ನೋಡಿ. ಹೊತ್ತ ಚೀಲ ಇಳಿಸದೆ ಇನ್ನೊಂದಕ್ಕೆ ಬೆನ್ನು ಕೊಡಲು ಆಗುವುದಿಲ್ಲ. ಅಣುವೂ ಹಾಗೆಯೇ. ಹೀರಿದ ಶಕ್ತಿಯನ್ನು ಡಿಕ್ಕಿಯಲ್ಲಿ ಇಳಿಸಿದ ಮೇಲೆಯೇ ಮತ್ತೆ ಹೀರುತ್ತದೆ. ಲಾರಿ ಮೇಲೆ ಲಾರಿ ಬಂದು ನಿಂತರೆ ಚೀಲ ಅಲ್ಲೇ ಉಳಿಯುತ್ತವೆ. ಇಲ್ಲಿ ಮೈಕ್ರೋವೇವ್ ಹೀರದೆ ಉಳಿಯುತ್ತದೆ, ಇರುವ ಅನಿಲವೂ ಕಡಿಮೆ ಅಂತ ತೋರುತ್ತದೆ. ಹಾಗಾಗಿ ಮೈಕ್ರೋವೇವ್‌ನ ಜೋರನ್ನು ಅರ್ಧಕ್ಕೆ ಇಳಿಸಿ ಮತ್ತೆ ಅಳೆಯುತ್ತಾರೆ. ಹೀರಿದ ಪಾಲು ಬದಲಾಗದಿದ್ದರೆ ಮಾತ್ರ ನಂಬುತ್ತಾರೆ.

ಕೊನೆಗೆ ಕೊಳವೆಯದೇ ಕಾಟ. ಇಂಗಿನ ಡಬ್ಬಿ ಎಷ್ಟು ತೊಳೆದರೂ ವಾಸನೆ ಹೋಗುತ್ತದೆಯೇ? ಅಮೋನಿಯಾ ಕೂಡ ಲೋಹದ ಗೋಡೆಗೆ ಅಂಟುತ್ತದೆ. ತುಂಬಿದ್ದು ಒಂದು, ಅನಿಲವಾಗಿ ಉಳಿದದ್ದು ಇನ್ನೊಂದು. ಅದಕ್ಕೇ ಹೊಸ ಅನಿಲ ಹರಿಸುತ್ತಲೇ ಇರುತ್ತಾರೆ. ಗೋಡೆ ಕುಡಿದು ತಣಿದು, ಗೆರೆ ಅಲುಗದೆ ನಿಂತ ಮೇಲೆ ಅಳತೆ ಶುರು.