ಕಮ್ಯುನಿಟಿ ಕಾಲೇಜು: ಪದವಿಯ ಮೊದಲ ಅರ್ಧ

ಕರ್ನಾಟಕದಲ್ಲಿ ಜೂನಿಯರ್ ಕಾಲೇಜು ಅಂದರೆ ಪಿಯುಸಿ, ಹತ್ತನೇ ಕ್ಲಾಸಾದ ಮೇಲಿನ ಎರಡು ವರ್ಷ. ಅಮೆರಿಕದಲ್ಲೂ ಎರಡು ವರ್ಷದ ಕಾಲೇಜುಗಳಿಗೆ ಬಹಳ ಕಾಲ ಇದೇ ಹೆಸರಿತ್ತು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಶುರುವಾದದ್ದು ಈಗಲೂ ಜೋಲಿಯೆಟ್ ಜೂನಿಯರ್ ಕಾಲೇಜೇ. ಇವತ್ತಿಗೂ ನಡೆಯುತ್ತಿರುವ ಸರ್ಕಾರಿ ಕಮ್ಯುನಿಟಿ ಕಾಲೇಜುಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. 'ಕಮ್ಯುನಿಟಿ ಕಾಲೇಜು' ಎಂಬ ಹೆಸರು ಜನಬಳಕೆಗೆ ಬಂದದ್ದು ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಉನ್ನತ ಶಿಕ್ಷಣ ಆಯೋಗದ 1947ರ ವರದಿಯ ನಂತರ. ಹಳೆಯ ಹೆಸರಿನ ನೆರಳು ಇನ್ನೂ ಹೋಗಿಲ್ಲ. ಮೊಮ್ಮಗ ಕ್ಯಾಲಿಫೋರ್ನಿಯಾದ ಕುಪರ್ಟಿನೊದಲ್ಲಿರುವ ಡಿ ಆಂಜಾ ಕಮ್ಯುನಿಟಿ ಕಾಲೇಜಿಗೆ ಸೇರಿದ ಎಂದರೆ ಮೈಸೂರಿನ ಅಜ್ಜ "ಇನ್ನೂ ಪಿಯುಸಿಯೇನೋ?" ಅಂದಾರು. ಅಲ್ಲ. ಹನ್ನೆರಡನೇ ಕ್ಲಾಸು ಮುಗಿದ ಮೇಲೆ ಸೇರುವ ಜಾಗ ಅದು. ನರ್ಸಿಂಗ್, ಆಟೊಮೊಬೈಲ್‌ನಂಥ ಕಸುಬಿನ ಕೋರ್ಸುಗಳೂ ಅಲ್ಲಿವೆ. ಆದರೆ ಯೂನಿವರ್ಸಿಟಿಯ ಜೊತೆ ತೂಗಿ ನೋಡುವವರಿಗೆ ಬೇಕಾದದ್ದು ಬೇರೆ: ನಾಲ್ಕು ವರ್ಷದ ಬ್ಯಾಚುಲರ್ ಪದವಿಯ ಮೊದಲ ಎರಡು ವರ್ಷವನ್ನು ಅಲ್ಲಿ ಓದಬಹುದು.

ಇನ್ನೊಂದು ಗೊಂದಲ ನಮ್ಮ ವಿಶ್ವವಿದ್ಯಾಲಯಗಳ ಪದ್ಧತಿಯಿಂದ ಬರುತ್ತದೆ. ನಮ್ಮಲ್ಲಿ ಪಾಠ ಕಾಲೇಜಿನದು, ಪದವಿ ಅದು ಸೇರಿಕೊಂಡಿರುವ ವಿಶ್ವವಿದ್ಯಾಲಯದ್ದು. ಕಮ್ಯುನಿಟಿ ಕಾಲೇಜು ಸಾಮಾನ್ಯವಾಗಿ ಹಾಗೆ ಯಾವ ಯೂನಿವರ್ಸಿಟಿಯ ಅಡಿಯಲ್ಲೂ ಇರುವುದಿಲ್ಲ. ಪಾಠ, ಪರೀಕ್ಷೆ ಎಲ್ಲ ತನ್ನದೇ. ಸುಮಾರು 60 ಸೆಮಿಸ್ಟರ್ ಯೂನಿಟ್ (ಯೂನಿಟ್ ಅಂದರೆ ಕೋರ್ಸಿನ ತೂಕ ಅಳೆಯುವ ಲೆಕ್ಕ) ಮುಗಿಸಿದರೆ ತನ್ನದೇ ಅಸೋಸಿಯೇಟ್ ಡಿಗ್ರಿಯನ್ನೂ ಕೊಡುತ್ತದೆ. ಆ ಯೂನಿಟ್‌ಗಳನ್ನು ಯೂನಿವರ್ಸಿಟಿ ಒಪ್ಪಿಕೊಂಡು ಮೂರನೇ ವರ್ಷಕ್ಕೆ ಸೇರಿಸಿಕೊಳ್ಳುವುದೇ ಟ್ರಾನ್ಸ್‌ಫರ್. ಉಳಿದೆರಡು ವರ್ಷ ಅಲ್ಲಿ ಓದಿದರೆ ಕೈಗೆ ಬರುವುದು ಆ ಯೂನಿವರ್ಸಿಟಿಯ ಪದವಿಪತ್ರವೇ. ಮೊದಲ ದಿನದಿಂದ ಅಲ್ಲೇ ಓದಿದವರ ಪತ್ರಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಇದು ಹಿಂಬಾಗಿಲಲ್ಲ, ಹೆದ್ದಾರಿ. 1960ರ ಮಾಸ್ಟರ್ ಪ್ಲಾನ್ ಎಂಬ ರಾಜ್ಯದ ಉನ್ನತ ಶಿಕ್ಷಣ ಯೋಜನೆ ಹೈಸ್ಕೂಲು (ಅಲ್ಲಿ ಹನ್ನೆರಡನೇ ಕ್ಲಾಸಿನವರೆಗೆ) ಮುಗಿಸಿದವರನ್ನು ಹೀಗೆ ಹಂಚಿತು: ಮೇಲಿನ ಎಂಟನೇ ಒಂದು ಭಾಗಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಯುಸಿ. ಮೇಲಿನ ಮೂರನೇ ಒಂದು ಭಾಗಕ್ಕೆ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಸಿಎಸ್‌ಯು. ಕಮ್ಯುನಿಟಿ ಕಾಲೇಜಿನ ಬಾಗಿಲು ಎಲ್ಲರಿಗೂ ತೆರೆದಿರಬೇಕು, ಅಲ್ಲಿಂದ ಮೇಲಕ್ಕೆ ದಾರಿಯೂ ಇರಬೇಕು. ಈಗ ರಾಜ್ಯದಲ್ಲಿ ಇಂಥ 116 ಕಾಲೇಜುಗಳಿವೆ. ಮೂರನೇ ವರ್ಷಕ್ಕೆ ಅರ್ಜಿ ಹಾಕುವವರಲ್ಲಿ ಯುಸಿ ನೋಡುವುದು ಕಾಲೇಜಿನ ಗ್ರೇಡುಗಳನ್ನು. ಹೈಸ್ಕೂಲಿನ ಅಂಕ ಲೆಕ್ಕಕ್ಕಿಲ್ಲ, ಎಸ್ಎಟಿ ಎಂಬ ಪ್ರವೇಶ ಪರೀಕ್ಷೆಯೂ ಬೇಡ. ಹೈಸ್ಕೂಲಿನಲ್ಲಿ ಎಡವಿದ ಹುಡುಗನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಎಲ್ಲರೂ ಮೊದಲು ಕೇಳುವುದು ಫೀಸು. ರಾಜ್ಯದ ನಿವಾಸಿಗಳಿಗೆ ಕಮ್ಯುನಿಟಿ ಕಾಲೇಜಿನಲ್ಲಿ ಸೆಮಿಸ್ಟರ್ ಯೂನಿಟ್ಟಿಗೆ 46 ಡಾಲರ್. 60 ಯೂನಿಟ್ಟಿಗೆ 2,760 ಆಯಿತು, ಅದೂ ಎರಡೂ ವರ್ಷ ಸೇರಿ. ಸಿಎಸ್‌ಯು ಟ್ಯೂಷನ್ 2025-26ಕ್ಕೆ ವರ್ಷಕ್ಕೆ 6,450 ಡಾಲರ್. ಯುಸಿಯಲ್ಲಿ ಹೊಸದಾಗಿ ಸೇರುವವರಿಗೆ ಹತ್ತಿರ ಹತ್ತಿರ 15 ಸಾವಿರ. ವ್ಯತ್ಯಾಸ ಕಣ್ಣಿಗೆ ರಾಚುತ್ತದೆ ನಿಜ. ಆದರೆ ಈ ಲೆಕ್ಕ ಅಪ್ಪ ಅಮ್ಮನ ಮನೆಯಲ್ಲೇ ಇದ್ದು ಓದುವವರಿಗೆ ಪೂರ್ತಿ ಹೊಂದುತ್ತದೆ. ಬಹುತೇಕ ಕಮ್ಯುನಿಟಿ ಕಾಲೇಜುಗಳಿಗೆ ಹಾಸ್ಟೆಲ್ ಇಲ್ಲ. ಸ್ಯಾನ್ ಹೊಸೆಯಲ್ಲಿ ಬಾಡಿಗೆ ಕಟ್ಟಿಕೊಂಡು ಓದುವವರ ಉಳಿತಾಯದಲ್ಲಿ ದೊಡ್ಡ ಪಾಲು ಬಾಡಿಗೆಗೇ ಹೋಗುತ್ತದೆ.

ಈಗ ಮುಖ್ಯ ವಿಷಯ. 'ಕಾಲೇಜೋ ಯೂನಿವರ್ಸಿಟಿಯೋ' ಎಂಬ ಪ್ರಶ್ನೆಯನ್ನು ಹಿಂದುಮುಂದು ಮಾಡಿ ಕೇಳಿಕೊಳ್ಳಬೇಕು: ಕೊನೆಯ ಎರಡು ವರ್ಷ ಎಲ್ಲಿ, ಯಾವ ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ ಯಾವುದು? ಇದು ತೀರ್ಮಾನವಾಗದೆ ಕಾಲೇಜಿನಲ್ಲಿ ತೆಗೆದುಕೊಂಡ ಯೂನಿಟ್ಟುಗಳು ನೆಂಟರ ಮನೆಗೆ ವಿಳಾಸವಿಲ್ಲದೆ ಹೊರಟ ಹಾಗೆ. ವಿಳಾಸ ಸಿಗುವ ಜಾಗ ಅಸಿಸ್ಟ್ ಡಾಟ್ ಆರ್ಗ್, ರಾಜ್ಯದ್ದೇ ವೆಬ್‌ಸೈಟು. ನಿಮ್ಮ ಕಾಲೇಜು, ಹೋಗಬೇಕಾದ ಯೂನಿವರ್ಸಿಟಿ, ಮೇಜರ್ ಮೂರನ್ನೂ ಆರಿಸಿದರೆ ಎರಡು ಕಾಲಮ್ಮಿನ ಪುಟ ತೆರೆಯುತ್ತದೆ. ಎಡಗಡೆ ಯೂನಿವರ್ಸಿಟಿ ಕೇಳುವ ಕೋರ್ಸು, ಬಲಗಡೆ ಅದಕ್ಕೆ ಸಮನಾಗಿ ನಿಮ್ಮ ಕಾಲೇಜಿನಲ್ಲಿರುವ ಕೋರ್ಸು.

ಈ ಪುಟ ಓದುವಾಗ ಎರಡು ಕಡೆ ಕಾಲು ಜಾರುತ್ತದೆ. ಒಂದು, 'ಆಂಡ್' ಎಂಬ ಪುಟ್ಟ ಪದ. ಎಡಗಡೆಯ ಒಂದು ಕೋರ್ಸಿಗೆ ಬಲಗಡೆ ಎರಡು ಕೋರ್ಸಿದ್ದು ನಡುವೆ 'ಆಂಡ್' ಇದ್ದರೆ ಎರಡನ್ನೂ ಮುಗಿಸಬೇಕು. ಒಂದನ್ನೇ ಮುಗಿಸಿದರೆ ಆ ಷರತ್ತು ಪೂರೈಸಿದ ಹಾಗಲ್ಲ. ಡಿ ಆಂಜಾ, ಫುಟ್‌ಹಿಲ್‌ನಂಥ ಕ್ವಾರ್ಟರ್ ಪದ್ಧತಿಯ (ವರ್ಷಕ್ಕೆ ಮೂರು ಟರ್ಮು) ಕಾಲೇಜಿನಿಂದ ಸೆಮಿಸ್ಟರ್ ಪದ್ಧತಿಯ (ವರ್ಷಕ್ಕೆ ಎರಡು) ಯುಸಿ ಬರ್ಕ್ಲಿಗೆ ಹೋಗುವವರು ಇದನ್ನು ಎರಡು ಸಲ ನೋಡಬೇಕು. ಒಂದೂವರೆ ಕ್ವಾರ್ಟರ್ ಯೂನಿಟ್ ಸೇರಿದರೆ ಒಂದು ಸೆಮಿಸ್ಟರ್ ಯೂನಿಟ್; 60ರ ಜಾಗದಲ್ಲಿ ಇವರಿಗೆ 90 ಬೇಕು. ಇನ್ನೊಂದು, ಬಲಗಡೆ 'ನೋ ಕೋರ್ಸ್ ಆರ್ಟಿಕ್ಯುಲೇಟೆಡ್' ಎಂಬ ಸಾಲು. ನಿಮ್ಮ ಕಾಲೇಜಿನಲ್ಲಿ ಅದಕ್ಕೆ ಸಮನಾದ ಕೋರ್ಸಿಲ್ಲ ಎಂದು ಅರ್ಥ. ಪಕ್ಕದ ಊರಿನ ಕಾಲೇಜಿನಲ್ಲಿ ಇದ್ದೀತು. ಆ ಒಂದು ಕೋರ್ಸನ್ನು ಅಲ್ಲಿ ತೆಗೆದುಕೊಳ್ಳಬಹುದು.

ಎಲ್ಲ ಮೇಜರಿಗೂ ಬೇಕಾಗುವ ಇಂಗ್ಲಿಷ್, ಇತಿಹಾಸದಂಥ ಸಾಮಾನ್ಯ ಕೋರ್ಸುಗಳ ಪಟ್ಟಿಗೆ 2025ರಿಂದ ಕ್ಯಾಲ್-ಗೆಟ್ಸಿ ಎಂಬ ಹೆಸರು. ಹೆಚ್ಚಿನವರಿಗೆ ಇದನ್ನು ಮೊದಲೇ ಮುಗಿಸುವುದು ಲೇಸು. ಎಂಜಿನಿಯರಿಂಗಿನವರಿಗೆ ಮಾತ್ರ ಉಲ್ಟಾ. ಕ್ಯಾಲ್ಕುಲಸ್ ಸರಣಿ, ಅದನ್ನೇ ಹಿಡಿದು ನಡೆಯುವ ಫಿಸಿಕ್ಸ್ ಸರಣಿ, ಜೊತೆಗೆ ಪ್ರೋಗ್ರಾಮಿಂಗ್: ಇವು ಸರಪಳಿಯ ಕೊಂಡಿಗಳು, ಒಂದು ತಪ್ಪಿದರೆ ಮುಂದಿನದಕ್ಕೆ ಹೆಸರು ಹಚ್ಚಲು ಬಿಡುವುದಿಲ್ಲ. ಪ್ರೀಕ್ಯಾಲ್ಕುಲಸ್‌ನಿಂದ ಶುರು ಮಾಡಬೇಕಾದ ಹುಡುಗನಿಗೆ 'ಎರಡು ವರ್ಷ' ಎಂಬುದು ಸುಲಭವಾಗಿ ಮೂರಾಗುತ್ತದೆ. ಕಾಲೇಜಿನ ಜಾಹೀರಾತು ಈ ಮಾತು ಹೇಳುವುದಿಲ್ಲ, ಕೌನ್ಸೆಲರ್ ಹೇಳುತ್ತಾರೆ. ಮೊದಲ ವಾರದಲ್ಲೇ ಅವರ ಬಳಿ ಕೂತು ಟರ್ಮಿನಿಂದ ಟರ್ಮಿಗೆ ಪಟ್ಟಿ ಬರೆಸಿಕೊಳ್ಳುವುದು ಒಳ್ಳೆಯದು.

ಕ್ಯಾಲೆಂಡರೂ ಮೋಸ ಮಾಡುತ್ತದೆ. 2026ರ ಆಗಸ್ಟಿನಲ್ಲಿ ಸೇರಿ 2028ರ ಸೆಪ್ಟೆಂಬರಿಗೆ ಯುಸಿ ಮುಟ್ಟಬೇಕಾದರೆ ಅರ್ಜಿ ಹಾಕಬೇಕಾದದ್ದು 2027ರ ಅಕ್ಟೋಬರ್-ನವೆಂಬರಿನಲ್ಲೇ. ಆಗ ಕೈಯಲ್ಲಿರುವುದು ಒಂದು ವರ್ಷದ ಮತ್ತು ಬೇಸಿಗೆಯ ಗ್ರೇಡು ಮಾತ್ರ. ಮೊದಲ ಸೆಮಿಸ್ಟರಿನಲ್ಲಿ ಆಡಿಕೊಂಡಿದ್ದು ಎರಡನೇ ವರ್ಷ ಸರಿಮಾಡಿಕೊಳ್ಳುತ್ತೇನೆ ಅನ್ನುವವರು ಸಿಕ್ಕಿಬೀಳುವುದು ಇಲ್ಲೇ. ಅರ್ಜಿ ಹಾಕಿದ ಮೇಲೆ ಜನವರಿಯಲ್ಲಿ ಹೊಸ ಗ್ರೇಡುಗಳನ್ನು ತುಂಬುವ ಇನ್ನೊಂದು ಫಾರ್ಮಿದೆ, ಅದನ್ನು ಮರೆಯಬಾರದು. ಇನ್ನು 'ಒಂದೇ ವರ್ಷ ಓದಿ ಜಿಗಿಯುತ್ತೇನೆ' ಎಂಬ ಉಪಾಯ ಇಲ್ಲಿ ನಡೆಯುವುದು ಕಷ್ಟ. ಯುಸಿ, ಸಿಎಸ್‌ಯು ಎರಡೂ ಮುಖ್ಯವಾಗಿ ತೆಗೆದುಕೊಳ್ಳುವುದು 60 ಯೂನಿಟ್ ಮುಗಿಸಿದವರನ್ನು.

ಸೀಟು ಖಾತ್ರಿ ಬೇಕೆನ್ನುವವರಿಗೆ ಟ್ಯಾಗ್ ಎಂಬ ಒಪ್ಪಂದವಿದೆ. ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್ ಈ ಆರು ಯುಸಿಗಳು ಹೇಳಿದ ಕೋರ್ಸು ಮತ್ತು ಗ್ರೇಡು ಪೂರೈಸಿದವರಿಗೆ ಸೀಟಿನ ಭರವಸೆ ಕೊಡುತ್ತವೆ. ಒಬ್ಬರಿಗೆ ಒಂದೇ ಕ್ಯಾಂಪಸ್. ಅರ್ಜಿ ಸೆಪ್ಟೆಂಬರ್ ತಿಂಗಳಲ್ಲಿ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೆಗೊ ಇದರಲ್ಲಿಲ್ಲ. ಆರರಲ್ಲೂ ಕೆಲವು ಮೇಜರುಗಳಿಗೆ ಟ್ಯಾಗ್ ಸಿಗದು, ಕಂಪ್ಯೂಟರ್ ಸೈನ್ಸ್ ಓದುವವರು ಕ್ಯಾಂಪಸ್ಸಿನ ಪಟ್ಟಿ ನೋಡದೆ ನಂಬಿ ಕೂರಬಾರದು.

ನೇರ ಯೂನಿವರ್ಸಿಟಿಗೇ ಹೋಗುವುದು ಯಾರಿಗೆ ಮೇಲು? ಮೊದಲ ವರ್ಷದಿಂದಲೇ ಪ್ರೊಫೆಸರರ ಪ್ರಯೋಗಾಲಯ ಸೇರಬೇಕೆನ್ನುವವರಿಗೆ, ಐದು ವರ್ಷದ ಆರ್ಕಿಟೆಕ್ಚರಿನಂತೆ ಮೊದಲ ಟರ್ಮಿನಿಂದಲೇ ಸ್ಟುಡಿಯೊ ಶುರುವಾಗುವ ಕೋರ್ಸಿನವರಿಗೆ, ಮತ್ತು ಒಳ್ಳೆಯ ಸ್ಕಾಲರ್‌ಶಿಪ್ ಕೈಗೆ ಬಂದವರಿಗೆ. ಕಡೆಯದನ್ನು ಜನ ಮರೆಯುತ್ತಾರೆ: ದೊಡ್ಡ ಸ್ಕಾಲರ್‌ಶಿಪ್ಪುಗಳಲ್ಲಿ ಹಲವು ಹೈಸ್ಕೂಲಿನಿಂದ ನೇರ ಬರುವವರಿಗಷ್ಟೇ. ಅದನ್ನು ಬಿಟ್ಟು ಕಮ್ಯುನಿಟಿ ಕಾಲೇಜಿಗೆ ಹೋದರೆ ಅಗ್ಗವೆಂದುಕೊಂಡ ದಾರಿಯೇ ದುಬಾರಿಯಾದೀತು.

ಕರ್ನಾಟಕದಿಂದ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋಗುವವರಿಗೆ 46 ಡಾಲರಿನ ದರವಿಲ್ಲ. ಹೊರರಾಜ್ಯ, ಹೊರದೇಶದವರ ದರ ಸೆಮಿಸ್ಟರ್ ಯೂನಿಟ್ಟಿಗೆ 300 ಡಾಲರ್ ದಾಟುವುದು ಸಾಮಾನ್ಯ. ಟರ್ಮಿಗೆ 12 ಯೂನಿಟ್ಟಿಗಿಂತ ಕಡಿಮೆಯಾಗುವಂತೆ ಯಾವ ಕೋರ್ಸನ್ನೂ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯನ್ನು ಕೇಳದೆ ಬಿಡುವ ಹಾಗಿಲ್ಲ, ವೀಸಾಕ್ಕೇ ಕುತ್ತು. ಅಸೋಸಿಯೇಟ್ ಡಿಗ್ರಿಯ ಮೇಲೆ ಒಂದು ವರ್ಷದ ಓಪಿಟಿಯನ್ನು, ಅಂದರೆ ಓದಿದ ವಿಷಯದಲ್ಲಿ ಕೆಲಸ ಮಾಡುವ ಅನುಮತಿಯನ್ನು ಕೇಳಬಹುದು, ಆದರೆ ವಿಜ್ಞಾನ-ತಂತ್ರಜ್ಞಾನ ಓದಿದವರಿಗಿರುವ 24 ತಿಂಗಳ ಸ್ಟೆಮ್ ವಿಸ್ತರಣೆಗೆ ಬ್ಯಾಚುಲರ್ ಅಥವಾ ಅದಕ್ಕೂ ಮೇಲಿನ ಪದವಿ ಬೇಕು. ಅಪ್ಪ ಅಮ್ಮನ ಎಚ್-1ಬಿ ಉದ್ಯೋಗ ವೀಸಾದ ಮೇಲೆ ಎಚ್-4 ಎಂಬ ಅವಲಂಬಿತರ ವೀಸಾದಲ್ಲಿರುವ ಮಕ್ಕಳ ಮಾತು ಬೇರೆ. ಟರ್ಮು ಶುರುವಾಗುವ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷದ ಮೇಲೊಂದು ದಿನ ನೆಲೆಸಿ, ಅದಕ್ಕೆ ದಾಖಲೆ ತೋರಿಸಿದರೆ ಅವರು ನಿವಾಸಿಗಳ ಫೀಸಿಗೆ ಅರ್ಹರಾಗಬಹುದು. ಅವರಿಗೆ 21 ತುಂಬಿದರೆ ಎಚ್-4 ಮುಗಿಯುತ್ತದೆ. ಟ್ರಾನ್ಸ್‌ಫರ್ ಆಗುವ ವಯಸ್ಸೂ ಸರಿಸುಮಾರು ಅದೇ. ಆದ್ದರಿಂದ ಹುಟ್ಟಿದ ದಿನಾಂಕವನ್ನು ಕೋರ್ಸುಗಳ ಪಟ್ಟಿಯ ತಲೆಯಲ್ಲೇ ಬರೆದಿಟ್ಟುಕೊಂಡು, ಎಫ್-1ಗೆ ಬದಲಾದರೆ ಫೀಸು ಏನಾಗುತ್ತದೆ ಎಂದು ಕಾಲೇಜಿನ ಅಡ್ಮಿಷನ್ ಕಚೇರಿಯಲ್ಲಿ ಸೇರುವ ಮೊದಲೇ ಕೇಳಬೇಕು.